ಪಟಾಕಿ ಕಾಣುವ ಮನೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಅಡ್ಮಿನ್ ನಾನು. ಗುಡ್ ಮಾರ್ನಿಂಗ್ ಹೂವು, ಮದುವೆ ಕರೆಯೋಲೆ, ಕಾಫಿ ರೇಟು ಬಿಟ್ಟರೆ ಅಲ್ಲಿ ಬೇರೇನೂ ಬರುವುದಿಲ್ಲ. ಕಳೆದ ಶನಿವಾರ ಅಮೆರಿಕದ ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊದಿಂದ ಚಿಕ್ಕಪ್ಪನ ಮಗ ಚೇತನ್ ಒಂದು ವಿಡಿಯೊ ಹಾಕಿದ. ಭಾನುವಾರದ ತನಕ ಯಾರೂ ಫೋನ್ ಕೆಳಗಿಡಲಿಲ್ಲ. ದೊಡ್ಡಪ್ಪ ಗೊತ್ತಿಲ್ಲದೆ ಕಳಿಸಿದ ಕೆಮ್ಮಿನ ವಾಯ್ಸ್ ಮೆಸೇಜ್ ಒಂದನ್ನು ಬಿಟ್ಟು ಉಳಿದದ್ದು ಇಲ್ಲಿದೆ.

ಚೇತನ್: ಇದನ್ನು ನೋಡಿ. ಗೋಲ್ಡನ್ ಓಕ್ ಅಂತ. ಡಿಸ್ನಿ ವರ್ಲ್ಡ್ ಜಾಗದ ಒಳಗೇ ಡಿಸ್ನಿಯವರು ಮಾಡಿದ ಬಡಾವಣೆ, ಸುಮಾರು 980 ಎಕರೆ. ರಾತ್ರಿ ಡಿಸ್ನಿಯ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬಿಡುವ ಪಟಾಕಿ ಮನೆಯಿಂದಲೇ ಕಾಣುತ್ತದಂತೆ. ಆ ಕಡೆ ಹೋದಾಗೆಲ್ಲ ದೀಪಾ ನಿಟ್ಟುಸಿರು ಬಿಡುತ್ತಾಳೆ.

ದೀಪಾ: ನಿಟ್ಟುಸಿರು ಬಿಡುವುದು ನಾನಲ್ಲ, ಇವರು.

ಹರೀಶಣ್ಣ: ರೇಟು?

ಚೇತನ್: 2010ರಲ್ಲಿ ಶುರು ಮಾಡುವಾಗಲೇ 15 ಲಕ್ಷ ಡಾಲರಿನಿಂದ 80 ಲಕ್ಷ ಡಾಲರ್ ಹೇಳಿದ್ದರು. ಈಗ ಕೇಳಲೇಬೇಡಿ.

ಹರೀಶಣ್ಣ: ಡಾಲರಿಗೆ 85 ಹಿಡಿದರೂ ಸಣ್ಣ ಮನೆಗೇ 12 ಕೋಟಿ 75 ಲಕ್ಷ ಆಯಿತು.

ಚೇತನ್: ನನ್ನ ಪಾಲಿನ ನಾಲ್ಕು ಎಕರೆ ತೋಟ ಮಾರಿದರೆ ಅಲ್ಲಿ ಕಾರ್ ಶೆಡ್ಡು ಬಂದರೂ ಬಂತು.

ತಮಾಷೆಗೆ ಹೇಳಿದ್ದು. ಆದರೆ ನಮ್ಮ ಗುಂಪಿನಲ್ಲಿ 'ತೋಟ' ಮತ್ತು 'ಮಾರು' ಒಂದೇ ಸಾಲಿನಲ್ಲಿ ಬಂದರೆ ದೊಡ್ಡಪ್ಪ ಎಲ್ಲಿದ್ದರೂ ಹಾಜರು.

ದೊಡ್ಡಪ್ಪ: ಯಾವ ತೋಟ? ಮಾರುವುದು ಯಾರು?

ಚೇತನ್: ಯಾರೂ ಇಲ್ಲ ದೊಡ್ಡಪ್ಪ. ಸುಮ್ನೆ ಹೇಳಿದೆ.

ದೊಡ್ಡಪ್ಪ: ಸುಮ್ನೆ ಹೇಳುವ ಮಾತಲ್ಲ ಅದು. ನೀನು ಬಾಯಿ ಬಿಡುವ ಆ ಜಾಗ ಡಿಸ್ನಿಗೆ ಹೇಗೆ ಬಂತು, ಗೊತ್ತುಂಟಾ? 1955ರಲ್ಲಿ ವಾಲ್ಟ್ ಡಿಸ್ನಿ ಕ್ಯಾಲಿಫೋರ್ನಿಯಾದಲ್ಲಿ 160 ಎಕರೆಯಲ್ಲಿ ಮೊದಲ ಪಾರ್ಕ್ ಮಾಡಿದ. ಸುತ್ತ ಮೋಟೆಲುಗಳು ಎದ್ದವು. ದುಡ್ಡೆಲ್ಲ ಅವರ ಪಾಲಾಯಿತು. ಎರಡನೇ ಸಲ ಹಾಗಾಗಬಾರದು ಎಂದು ಫ್ಲಾರಿಡಾದಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ 27 ಸಾವಿರ ಎಕರೆ ಕೊಂಡ. ಎಲ್ಲ ಸೇರಿ 50 ಲಕ್ಷ ಡಾಲರ್ ಚಿಲ್ಲರೆ. ಎಕರೆಗೆ 200 ಡಾಲರೂ ಬೀಳಲಿಲ್ಲ. 1965ರ ಅಕ್ಟೋಬರಿನಲ್ಲಿ ಪೇಪರಿನವರು ಹೊರಗೆ ಹಾಕಿದ ಮೇಲೆ ರೇಟು ಹಾರಿತು. ಅಷ್ಟರಲ್ಲಿ ಕೊಟ್ಟವನು ಕೊಟ್ಟಾಗಿತ್ತು. ಯಾರಿಗೆ ಕೊಟ್ಟೆ ಅಂತಲೂ ಅವನಿಗೆ ಗೊತ್ತಿರಲಿಲ್ಲ. ನಮ್ಮ ತೋಟದ ಕೆಳಗಿನ ಗದ್ದೆ ಹೋದದ್ದೂ ಹೀಗೆಯೇ. ಯಾರದೋ ಹೆಸರು, ಯಾರದೋ ದುಡ್ಡು.

ಮೂವತ್ತು ವರ್ಷ ಸಮಾಜ ಪಾಠ ಹೇಳಿದವರು. ರಿಟೈರ್ ಆದ ಮೇಲೂ ಬೆಲ್ ಹೊಡೆಯುವ ತನಕ ನಿಲ್ಲಿಸುವುದಿಲ್ಲ.

ಪೂರ್ಣಿಮಾ: ದೊಡ್ಡ ಮಾವ, ತೋಟದ ವಿಷಯ ಬಿಡಿ. ಪಾರ್ಕಿನ ಪಕ್ಕ ಇರುವುದು ಹೇಗೆ ಅಂತ ನನ್ನನ್ನು ಕೇಳಿ. ಬಿಡದಿಯಲ್ಲಿದ್ದೇನೆ, ವಂಡರ್‌ಲಾ ಹತ್ತಿರವೇ. ಐದು ವರ್ಷದಲ್ಲಿ ಒಳಗೆ ಹೋದದ್ದು ಎರಡು ಸಲ. ಎರಡೂ ಸಲ ಊರಿನಿಂದ ನೀವೆಲ್ಲ ಬಂದಿದ್ದಿರಿ ಅಂತ.

ದೀಪಾ: ನನಗೂ ಅದೇ ಭಯ. ಮಗಳಿಗೆ ಈಗ ವರ್ಷಕ್ಕೊಮ್ಮೆ ಹೋಗುವುದೇ ಹಬ್ಬ. ಹಿಂದಿನ ರಾತ್ರಿ ನಿದ್ದೆ ಮಾಡುವುದಿಲ್ಲ. ದಿನಾ ಕಿಟಕಿಯಲ್ಲೇ ಕಂಡರೆ ಆ ನಿದ್ದೆಗೇಡು ಎಲ್ಲಿ ಉಳಿಯಿತು?

ಸುಮಿತ್ರತ್ತೆ: ದಿನಾ ರಾತ್ರಿ ಪಟಾಕಿಯಾ? ಮಡಿಕೇರಿ ದಸರಾದ ದಶಮಂಟಪ ವರ್ಷಕ್ಕೆ ಒಂದೇ ರಾತ್ರಿ. ಬೆಳಗಿನ ಜಾವದ ತನಕ ಕಿಟಕಿ ಗಾಜು ಅದುರುತ್ತದೆ. ಚಂದವೇ. ಆದರೆ ಮರುದಿನ ಮಧ್ಯಾಹ್ನದ ತನಕ ಏಳಲು ಆಗುವುದಿಲ್ಲ.

ದೊಡ್ಡಪ್ಪ: ನಮ್ಮ ಕಡೆ ರಾತ್ರಿ ಪಟಾಕಿ ಕೇಳಿದರೆ ತೋಟಕ್ಕೆ ಆನೆ ಬಂದಿದೆ ಅಂತ ಅರ್ಥ. ನಾನಲ್ಲಿ ಇದ್ದರೆ ದಿನಾ ಟಾರ್ಚ್ ಹಿಡಿದು ಹೊರಗೆ ಬರುತ್ತಿದ್ದೆ.

ಚೇತನ್: ಅಲ್ಲಿ ಗೇಟ್ ಇದೆ, ಸೆಕ್ಯೂರಿಟಿ ಇದೆ. ಪಾರ್ಕಿಗೆ ಬರುವ ಜನ ಒಳಗೆ ಬರುವ ಹಾಗೇ ಇಲ್ಲ. ಅದೇ ಅಲ್ವಾ ಅಷ್ಟು ದುಡ್ಡು ಕೊಡುವುದು? ಮತ್ತೆ, ಜನ ವಾಸ ಮಾಡುವುದು ಡಿಸ್ನಿಯ ಹಳೇ ಆಸೆ. ಎಪ್ಕಾಟ್ ಅಂತ 20 ಸಾವಿರ ಜನ ಇರುವ ಊರನ್ನೇ ಕಟ್ಟಬೇಕು ಅಂತಿದ್ದ. 1966ರಲ್ಲಿ ತೀರಿಕೊಂಡ. 1982ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಇನ್ನೊಂದು ಪಾರ್ಕ್.

ಪೂರ್ಣಿಮಾ: ಊರು ಕಟ್ಟುವುದಕ್ಕಿಂತ ಟಿಕೆಟ್ ಮಾರುವುದು ಸುಲಭ ಅಂತ ಕಂಡಿರಬೇಕು.

ಚೇತನ್: ಇಲ್ಲ, ಆಮೇಲೆ ಊರೂ ಕಟ್ಟಿದರು. ಸೆಲೆಬ್ರೇಷನ್ ಅಂತ. 1996ರಲ್ಲಿ ಮೊದಲ ಸಂಸಾರಗಳು ಬಂದವು. ಜನ ಜಾಸ್ತಿಯಾಗಿ ಸೈಟಿಗೆ ಲಾಟರಿ ಎತ್ತಿದ್ದರು. ಅಲ್ಲಿಗೆ ಡಿಸೆಂಬರಿನಲ್ಲಿ ಹಿಮ ನೋಡಲು ಹೋಗುತ್ತೇವೆ.

ಸುಮಿತ್ರತ್ತೆ: ಫ್ಲಾರಿಡಾದಲ್ಲಿ ಹಿಮವಾ?

ದೀಪಾ: ಸೋಪಿನ ನೊರೆ ಅತ್ತೆ. ಮೆಷಿನ್ನಿನಲ್ಲಿ ಮೇಲಿಂದ ಬಿಡುತ್ತಾರೆ.

ಸುಮಿತ್ರತ್ತೆ: ಸರಿ, ಈಗ ನಾನು ಹೇಳುತ್ತೇನೆ. ಟೈಪ್ ಮಾಡಲು ಹೊತ್ತು ಹಿಡಿಯುತ್ತದೆ, ಯಾರೂ ನಡುವೆ ಬಾಯಿ ಹಾಕಬೇಡಿ. ನಾನಿರುವುದು ಅಬ್ಬಿ ಫಾಲ್ಸ್ ರಸ್ತೆಯಲ್ಲಿ. ಮದುವೆಯಾಗಿ ಬಂದಾಗ ರಾತ್ರಿ ಜಲಪಾತದ ಸದ್ದು ಕೇಳುತ್ತಿತ್ತು, ಮಳೆಗಾಲದಲ್ಲಿ. ಈಗ ಬೆಳಿಗ್ಗೆ ನಾಲ್ಕೂವರೆಗೆ ಮಾಂದಲ್‌ಪಟ್ಟಿಗೆ ಹೋಗುವ ಜೀಪು ಶುರು. ಸೂರ್ಯ ಹುಟ್ಟುವುದನ್ನು ಅವರು ನೋಡಬೇಕು, ಎದ್ದೇಳಬೇಕಾದದ್ದು ನಾನು. ಶನಿವಾರ ಹಾಲು ತರಲು ರಸ್ತೆ ದಾಟಬೇಕಾದರೆ ಹತ್ತು ನಿಮಿಷ. ಕಾಫಿ ಹೂವು ಬಿಟ್ಟಾಗ ಬೇಲಿ ದಾಟಿ ಬಂದು ಕೊಂಬೆ ಎಳೆದು ಫೋಟೊ ತೆಗೆಯುತ್ತಾರೆ. ಮೊನ್ನೆ ಒಬ್ಬಳು ಒಣಗಲು ಹಾಕಿದ್ದ ಸೀರೆಯ ಪಕ್ಕ ನಿಂತು ರೀಲ್ಸ್ ಮಾಡಿದಳು. ನನಗೆ ಗೇಟಿಲ್ಲವಾ? ಇದೆ. ಕಬ್ಬಿಣದ್ದೇ. 'ಆಂಟಿ, ಟಾಯ್ಲೆಟ್' ಅಂತ ಮಗು ಎತ್ತಿಕೊಂಡು ನಿಂತರೆ ಗೇಟು ಹಾಕಿಕೊಳ್ಳಲು ಆಗುತ್ತದಾ? ಥೀಮ್ ಪಾರ್ಕಿನ ಪಕ್ಕ ಇರಲು ಅವನು ಕೋಟಿ ಕೊಡಬೇಕು. ನನಗೆ ಬಿಟ್ಟಿ ಸಿಕ್ಕಿದೆ.

ಎರಡು ನಿಮಿಷ ಯಾರೂ ಏನೂ ಹಾಕಲಿಲ್ಲ. 'ಹರೀಶಣ್ಣ ಟೈಪ್ ಮಾಡುತ್ತಿದ್ದಾರೆ' ಅಂತ ಮಾತ್ರ ಬರುತ್ತಿತ್ತು, ಹೋಗುತ್ತಿತ್ತು. ಅವನ ಹೋಂಸ್ಟೇ ಬೋರ್ಡಿನಲ್ಲಿ 'ಅಬ್ಬಿ ಫಾಲ್ಸ್‌ಗೆ 20 ನಿಮಿಷ' ಅಂತ ದಪ್ಪ ಅಕ್ಷರದಲ್ಲಿದೆ.

ಹರೀಶಣ್ಣ: ಅತ್ತೆ, ಆ ಜೀಪಿನವರು ಯಾರು? ನಮ್ಮ ಊರಿನ ಹುಡುಗರೇ. ಕಾಫಿಗೆ ರೇಟು ಬಿದ್ದ ವರ್ಷ ಅಪ್ಪನ ಆಪರೇಷನ್ ಆದದ್ದು ಗೆಸ್ಟ್‌ಗಳ ದುಡ್ಡಿನಲ್ಲಿ. 2018ರಲ್ಲಿ ಗುಡ್ಡ ಕುಸಿದ ಮೇಲೆ ತಿಂಗಳುಗಟ್ಟಲೆ ಒಬ್ಬನೂ ಬರಲಿಲ್ಲ. ಆಗ ರಸ್ತೆ ಖಾಲಿ ಇತ್ತು. ಯಾರಿಗೆ ಖುಷಿ ಆಯಿತು?

ಸುಮಿತ್ರತ್ತೆ: ಗುಡ್ಡ ಸುಮ್ನೆ ಕುಸಿಯಿತಾ? ಮಳೆ ಜಾಸ್ತಿ, ಒಪ್ಪಿದೆ. ಇಳಿಜಾರು ಕಡಿದು ಕಡಿದು ಕಟ್ಟಡ ಎಬ್ಬಿಸಿದ್ದು ಯಾರಿಗೋಸ್ಕರ?

ಹರೀಶಣ್ಣ: ನನ್ನದು ಅಜ್ಜ ಕಟ್ಟಿದ ಮನೆ. ಒಂದು ಬುಟ್ಟಿ ಮಣ್ಣು ತೆಗೆದಿಲ್ಲ ನಾನು. ಎಲ್ಲರನ್ನೂ ಒಂದೇ ಗೋಣಿಗೆ ತುಂಬಬೇಡಿ.

ಸುಮಿತ್ರತ್ತೆ: ನಿನಗೆ ಹೇಳಲಿಲ್ಲ ಮಗಾ.

ಹರೀಶಣ್ಣ: ನನಗೇ ಹೇಳಿದ್ದು ಅಂತ ಕಂಡಿತು.

ನನ್ನ ಮಟ್ಟಿಗೆ ಇಬ್ಬರದೂ ಸರಿ. ಅಡ್ಮಿನ್ ಆದವಳು ಹಾಗೆ ಹೇಳಿದರೆ ಇಬ್ಬರೂ ಗುಂಪು ಬಿಡುತ್ತಾರೆ. ಅದಕ್ಕೇ ಚೇತನ್‌ನನ್ನೇ ಕೇಳಿದೆ: ಇಷ್ಟೆಲ್ಲ ಯಾಕೆ, ನೀನೇನು ತಗೊಳ್ಳಲು ಹೊರಟಿದ್ದೀಯಾ?

ಚೇತನ್: ಗೋಲ್ಡನ್ ಓಕ್ ಅಲ್ಲ ಅಕ್ಕ. ಪಾರ್ಕಿನಿಂದ ಸ್ವಲ್ಪ ದೂರ ಒಂದು ಟೌನ್‌ಹೌಸ್ ನೋಡಿದ್ದೇವೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ದೀಪಾ: ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಇವರು ಹಾಡಿ ಹೊಗಳುತ್ತಾರೆ. ಮನೆ ತೆರಿಗೆ ವರ್ಷ ವರ್ಷ ಇದೆ. ಬಡಾವಣೆಗೆ ತಿಂಗಳ ಫೀಸು ಬೇರೆ. ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಕಾಲ, ಅದಕ್ಕೆ ಇನ್ಶೂರೆನ್ಸ್. ಇಷ್ಟು ಕೊಟ್ಟ ಮೇಲೂ ಕಿಟಕಿಯಿಂದ ಕಾಣುವುದು ಪಾರ್ಕಿಂಗ್ ಲಾಟ್. ನಾನು ನೋಡಿ ಬಂದಿದ್ದೇನೆ.

ಹರೀಶಣ್ಣ: ಅಲ್ಲಿ ಹೋಂಸ್ಟೇ ಮಾಡಲು ಬಿಡುತ್ತಾರಾ? ಅದನ್ನು ಮೊದಲು ಕೇಳು. ಬಿಡುವುದಾದರೆ ತಗೋ.

ದೊಡ್ಡಪ್ಪ: ತಗೊಳ್ಳಲಿ, ಬಿಡಲಿ. ತೋಟದ ಕಾಗದ ನನ್ನ ಬೀರುವಿನಲ್ಲಿದೆ. ಈಗ ಎಲ್ಲರೂ ಮಲಗಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಫೋನು ಕಿರುಗುಟ್ಟಿತು.

ಸುಮಿತ್ರತ್ತೆ: ನೋಡಿ, ಬಂತು. ಬೆಂಗಳೂರು ನಂಬರಿನ ಬಿಳಿ ಕಾರು, ಗೇಟಿಗೆ ಅಡ್ಡ ನಿಲ್ಲಿಸಿದ್ದಾರೆ. ಆರು ಜನ. ಒಂದು ಮುದುಕಿ, ಪಾಪ, ವಾಂತಿ ಮಾಡಿಕೊಳ್ಳುತ್ತಿದೆ.

ಹರೀಶಣ್ಣ: ಅತ್ತೆ, ಅದು ನಮ್ಮ ಗೆಸ್ಟ್‌ಗಳೇ ಇರಬೇಕು. ಈಗ ತಾನೇ ಚೆಕ್‌ಔಟ್ ಮಾಡಿ ಹೊರಟರು. ಸ್ವಲ್ಪ ಬಾತ್‌ರೂಮಿಗೆ ಬಿಡಿ.

ಅರ್ಧ ಗಂಟೆ ಉತ್ತರವಿಲ್ಲ.

ಸುಮಿತ್ರತ್ತೆ: ಬಿಟ್ಟಾಯಿತು. ಅಜ್ಜಿಗೆ ನಿಂಬೆ ಶರಬತ್ತು ಕೊಟ್ಟೆ. ಎರಡು ಕೆಜಿ ಕಾಳುಮೆಣಸು ತಗೊಂಡರು. ನಿನ್ನ ಹತ್ತಿರ ಅರ್ಧ ಕೆಜಿ ತಗೊಂಡಿದ್ದರಂತೆ, ನನ್ನದು ಗಟ್ಟಿ ಇದೆ ಅಂದರು.