ಪೇಜ್‌ಗೆ ಲೈಕ್ ಬರುತ್ತಿದೆ, ಬೆಲ್ಲಕ್ಕೆ ಗಿರಾಕಿ ಬರುತ್ತಿಲ್ಲ. ಎಲ್ಲಿ ತಪ್ಪಾಗಿದೆ?

ಆಲೆಮನೆ_ಮಂಡ್ಯ:
ನಮಸ್ಕಾರ. ಮಂಡ್ಯದ ಹತ್ತಿರ ನಾನು, ನಮ್ಮೆಜಮಾನ್ರು ಸಣ್ಣ ಆಲೆಮನೆ ನಡೆಸುತ್ತೇವೆ. ಬಿಳುಪು ಬರಿಸುವ ರಾಸಾಯನಿಕ ಹಾಕುವುದಿಲ್ಲ. ಹಾಗಾಗಿ ಬೆಲ್ಲ ಕಪ್ಪಗಿರುತ್ತದೆ, ಮಂಡಿಯಲ್ಲಿ ರೇಟು ಕಡಿಮೆ. ನೇರವಾಗಿ ಮನೆಗಳಿಗೆ ಮಾರೋಣ ಅಂತ ಫೇಸ್‌ಬುಕ್ ಪೇಜ್ ಮಾಡಿದೆ. ದಿನಾ "ಶುದ್ಧ ಬೆಲ್ಲ, ಬೆಲೆಗೆ ಇನ್‌ಬಾಕ್ಸ್ ಮಾಡಿ" ಅಂತ ಪೋಸ್ಟರ್ ಹಾಕುತ್ತೇನೆ. ಜಾಸ್ತಿ ಜನಕ್ಕೆ ಕಾಣಲಿ ಅಂತ ಫೇಸ್‌ಬುಕ್‌ಗೆ 700 ರೂಪಾಯಿ ಕೊಟ್ಟು ಬೂಸ್ಟ್ ಮಾಡಿದೆ. 400ಕ್ಕೂ ಜಾಸ್ತಿ ಲೈಕ್ ಬಂತು, ಆರ್ಡರ್ ಒಂದೂ ಇಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್‌ನಲ್ಲಿ ಒಂದೇ ಸಲ 150 ಜನಕ್ಕೆ ಮೆಸೇಜ್ ಕಳಿಸಿದರೆ ಅರ್ಧಕ್ಕರ್ಧ ಜನಕ್ಕೆ ತಲುಪಿಯೇ ಇಲ್ಲ. ಸಂಕ್ರಾಂತಿಗೆ ಐದೇ ವಾರ ಇದೆ. ದಯವಿಟ್ಟು ಹೇಳಿ.

ಮನೆಪುಡಿ_ಮೈಸೂರು:
ಅಕ್ಕ, ಬೂಸ್ಟ್ ಮಾಡುವಾಗ ಊರು ಯಾವುದು ಕೊಟ್ಟಿದ್ರಿ? ಗುರಿ ಏನು ಆರಿಸಿದ್ರಿ?

ಆಲೆಮನೆ_ಮಂಡ್ಯ:
ಈಗ ನೋಡಿದೆ. ಊರಿನ ಜಾಗದಲ್ಲಿ ಇಂಡಿಯಾ ಅಂತಿದೆ. ಗುರಿ ಎಂಗೇಜ್‌ಮೆಂಟ್.

ಮನೆಪುಡಿ_ಮೈಸೂರು:
ಅಲ್ಲೇ ಇದೆ ನೋಡಿ. ಎಂಗೇಜ್‌ಮೆಂಟ್ ಅಂದರೆ ಲೈಕ್, ಕಾಮೆಂಟ್ ಮಾಡುವವರನ್ನು ಹುಡುಕಿ ತೋರಿಸುತ್ತದೆ. ಎಲ್ಲೋ ದೂರದ ರಾಜ್ಯದವರು ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ಮುಂದಿನ ಬೂಸ್ಟ್‌ಗೆ ಗುರಿ ಮೆಸೇಜ್ ಅಂತ ಆರಿಸಿ, ವಾಟ್ಸಾಪ್ ನಂಬರ್ ಜೋಡಿಸಿ. ಊರಿನ ಜಾಗದಲ್ಲಿ ಇಂಡಿಯಾ ತೆಗೆದು ಮಂಡ್ಯ, ಮೈಸೂರು ಎರಡೇ ಹಾಕಿ. ನೀವೇ ತಲುಪಿಸೋಕೆ ಆಗುವಷ್ಟು ದೂರ ಸಾಕು.

ಬ್ರಾಡ್‌ಕಾಸ್ಟ್ ವಿಷಯ ಬೇರೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಬೆಲ್ಲ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಹೇಳಿ. ನಾನು ಪ್ಯಾಕೆಟ್ ಮೇಲೇ ಅಚ್ಚು ಹಾಕಿಸಿದ್ದೇನೆ.

ಆದರೆ ನನಗೆ ಜಾಸ್ತಿ ಬೇಜಾರಾಗಿದ್ದು ಆ ಪೋಸ್ಟರ್ ನೋಡಿ. ಶುದ್ಧ ಅಂತ ಎಲ್ಲರೂ ಬರೆಯುತ್ತಾರೆ ಅಕ್ಕ. ನಿಮ್ಮಲ್ಲಿ ಆಲೆಮನೆಯೇ ಇದೆ! ಗಾಣದಿಂದ ಕಬ್ಬಿನ ಹಾಲು ಇಳಿಯೋದು, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯೋದು, ಕೊಪ್ಪರಿಗೆ ಇಳಿಸೋದು, ಬಿಸಿ ಪಾಕ ಅಚ್ಚಿಗೆ ಹುಯ್ಯೋದು. ಇದನ್ನು ಅರ್ಧ ನಿಮಿಷ ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ. ಹಾಡು ಬೇಡ, ಕುದಿಯುವ ಸದ್ದೇ ಇರಲಿ. ಬೆಲ್ಲ ಕಪ್ಪಗೆ ಯಾಕಿದೆ ಅಂತ ನಿಮ್ಮ ಮಾತಲ್ಲೇ ಹೇಳಿ. ಮಂಡಿಯಲ್ಲಿ ರೇಟು ಇಳಿಸುವ ಆ ಬಣ್ಣವೇ ಇಲ್ಲಿ ಗಿರಾಕಿಯನ್ನು ತರುತ್ತದೆ.

ಬೆಲೆ ಮುಚ್ಚಿಡಬೇಡಿ. ಕೇಳೋಕೆ ಸಂಕೋಚಪಟ್ಟು ಎಷ್ಟೋ ಜನ ಸುಮ್ನೆ ಹೋಗಿಬಿಡುತ್ತಾರೆ. ಕೆಜಿಗೆ ಎಷ್ಟು, ಯಾವ ದಿನ ಯಾವ ಕಡೆ ಬರ್ತೀರಿ, ಅಷ್ಟನ್ನೂ ಬರೆಯಿರಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ನಂಬರ್ ಇದ್ದರೆ ಅದನ್ನೂ ಹಾಕಿ.

ಹೂವಿನಂಗಡಿ_ಮೈಸೂರು:
ಒಂದು ಸೇರಿಸುತ್ತೇನೆ. ಪೇಜ್ ಹೆಸರು ಇಂಗ್ಲಿಷ್‌ನಲ್ಲಿ ಮಾತ್ರ ಇದೆ. ವಿವರದಲ್ಲಿ ಕನ್ನಡದಲ್ಲೂ "ಮಂಡ್ಯ ಬೆಲ್ಲ" ಅಂತ ಬರೆಯಿರಿ, ಎರಡೂ ಲಿಪಿಯಲ್ಲಿ ಹುಡುಕುವವರು ಇದ್ದಾರೆ. ಸಂಕ್ರಾಂತಿ ಆರ್ಡರ್ ಈಗಲೇ ತೆಗೆದುಕೊಳ್ಳಿ. ಎಳ್ಳು ಬೆಲ್ಲಕ್ಕೆ ಅಚ್ಚು ಬೆಲ್ಲ ಸಣ್ಣಗೆ ಹೆಚ್ಚೋದೇ ದೊಡ್ಡ ಕೆಲಸ ಅಲ್ವಾ? ಹೆಚ್ಚಿಯೇ ಕೊಡ್ತೀವಿ ಅಂದರೆ ನಾನೇ ಎರಡು ಕೆಜಿ ತಗೋತೀನಿ.

ಆಲೆಮನೆ_ಮಂಡ್ಯ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೆಚ್ಚಿ ಕೊಡುವುದು ನಮಗೆ ಹೊಳೆದೇ ಇರಲಿಲ್ಲ, ಖಂಡಿತ ಕೊಡ್ತೀವಿ. ಹೊಸ ಬೂಸ್ಟ್‌ಗೆ ಊರು, ಗುರಿ ನೀವು ಹೇಳಿದ ಹಾಗೇ ಹಾಕ್ತೀನಿ. ನಾಳೆ ಬೆಳಗ್ಗೆ ಕೊಪ್ಪರಿಗೆ ಇಳಿಸುವಾಗ ವಿಡಿಯೋ ತೆಗೆಯುತ್ತೇನೆ. ಹಳೇ ಬೂಸ್ಟ್ ಇನ್ನೂ ಎರಡು ದಿನ ಇದೆ, ನಿಲ್ಲಿಸಿದರೆ ದುಡ್ಡು ಹೋಗುತ್ತಾ?

ಮನೆಪುಡಿ_ಮೈಸೂರು:
ಇಲ್ಲ ಅಕ್ಕ, ಖರ್ಚಾದಷ್ಟೇ ಹೋಗೋದು. ಮೊದಲೇ ತುಂಬಿದ ಹಣದಲ್ಲಿ ಉಳಿದದ್ದು ಜಾಹೀರಾತು ಖಾತೆಯಲ್ಲೇ ಇರುತ್ತದೆ. ಈಗಲೇ ನಿಲ್ಲಿಸಿ, ಅದನ್ನೇ ನಾಳೆಯ ವಿಡಿಯೋಗೆ ಹಾಕಿ.