ಅಮ್ಮನ ಕೋಣೆಗೆ ಯಾವ ಹೀಟರ್ ಒಳ್ಳೆಯದು? (ಚಿಕ್ಕಬಳ್ಳಾಪುರ)

ನಂದಿ ತಪ್ಪಲು:
ನಮಸ್ಕಾರ. ಅಮ್ಮನಿಗೆ 74 ವರ್ಷ, ಮಂಡಿ ನೋವು. ಕೆಳಗಿನ ಮನೆ ಬಾಡಿಗೆಗೆ ಕೊಟ್ಟು ನಾವು ಮಹಡಿಯಲ್ಲಿದ್ದೇವೆ, ಮೇಲೆ ಬರೀ ತಾರಸಿ. ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಅವರಿಗೆ ಕಾಲು ಮಡಚಲು ಆಗುವುದಿಲ್ಲ, ನೋಡಲು ಸಂಕಟವಾಗುತ್ತದೆ. ಹೋದ ವಾರ ರಾತ್ರಿ ಕೋಣೆಯ ಒಳಗೇ 17 ಡಿಗ್ರಿ ಇತ್ತು. ಕೋಣೆ 10 ಅಡಿಗೆ 12 ಅಡಿ. ಅಂಗಡಿಯವರು ಬ್ಲೋವರ್ ಸಾಕು ಅನ್ನುತ್ತಾರೆ, ತಮ್ಮ ಎಸಿನೇ ಹಾಕಿಸು ಅನ್ನುತ್ತಾನೆ, ಪಕ್ಕದ ಮನೆ ಅಜ್ಜಿ ಬಾಣಲೆಯಲ್ಲಿ ಕೆಂಡ ಇಡು ಅಂದರು. ಎರಡು ತಿಂಗಳ ಚಳಿಗೆ ಯಾವುದು ಸರಿ?

ಕೋಲಾರದವನು:
ಅಕ್ಕಾ, ಕೆಂಡ ಮಾತ್ರ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರಿಗೆ ಗೊತ್ತೇ ಆಗದೆ ಪ್ರಾಣ ಹೋಗುತ್ತದೆ. ಅಜ್ಜಿಯ ಕಾಲದ ಹೆಂಚಿನ ಮನೆಯಲ್ಲಿ ಸಂದಿಗಳಿಂದ ಗಾಳಿ ಆಡುತ್ತಿತ್ತು, ಆರ್‌ಸಿಸಿ ಮನೆಯಲ್ಲಿ ಹಾಗಲ್ಲ.

ನಮ್ಮ ತಂದೆಗೆ ಮೊದಲು ಬ್ಲೋವರ್ ತಂದಿದ್ದೆ. ಐದೇ ನಿಮಿಷಕ್ಕೆ ಬಿಸಿ, ಆರಿಸಿದರೆ ಐದೇ ನಿಮಿಷಕ್ಕೆ ಚಳಿ, ಜೊತೆಗೆ ಸದ್ದು. ಆಮೇಲೆ ಆಯಿಲ್ ಹೀಟರ್ ತಂದೆ. ಕೋಣೆ ಬೆಚ್ಚಗಾಗಲು ಅರ್ಧ ಗಂಟೆ ಬೇಕು, ಆದರೆ ಸದ್ದಿಲ್ಲ, ಕಣ್ಣಿಗೆ ಕುಕ್ಕುವ ಬೆಳಕಿಲ್ಲ, ಆರಿಸಿದ ಮೇಲೂ ಒಂದಷ್ಟು ಹೊತ್ತು ಬಿಸಿ ಇರುತ್ತದೆ. ಒಳಗಿನ ಎಣ್ಣೆ ಉರಿಯುವುದಿಲ್ಲ, ಮತ್ತೆ ತುಂಬಿಸುವ ಕೆಲಸವೂ ಇಲ್ಲ. ಅದರ ಮೇಲೆ ಬಟ್ಟೆ ಒಣಗಿಸಬೇಡಿ, ಅಷ್ಟೇ.

ಶಿರಾ ಗೇಟ್:
ನಾನು ತುಮಕೂರಿನಲ್ಲಿ ವೈರಿಂಗ್ ಕೆಲಸ ಮಾಡುವವನು. ಹೀಟರ್ ತರುವ ಮೊದಲು ಪ್ಲಗ್ ನೋಡಿ. 2000 ವ್ಯಾಟ್ ಅಂದರೆ ಹತ್ತಿರ ಹತ್ತಿರ 9 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪ್ಲಗ್ಗಿಗೆ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ಕರಗುತ್ತದೆ. ಚಳಿಗಾಲದಲ್ಲಿ ಇಂಥ ಸುಟ್ಟ ಪ್ಲಗ್ ಎಷ್ಟೋ ಬದಲಾಯಿಸಿದ್ದೇನೆ. 16 ಆಂಪಿಯರ್ ಪಾಯಿಂಟ್, ಅರ್ಥಿಂಗ್ ಎರಡೂ ಬೇಕು.

ಬಿಲ್ ಲೆಕ್ಕ ಹೇಳುತ್ತೇನೆ. 2000 ವ್ಯಾಟ್ ಒಂದು ಗಂಟೆ ಪೂರ್ತಿ ಓಡಿದರೆ 2 ಯೂನಿಟ್. ನಿಮ್ಮ ಕೋಣೆಗೆ 1000 ವ್ಯಾಟ್‌ನಲ್ಲಿ ದಿನಕ್ಕೆ 3 ಗಂಟೆ ಸಾಕಾಗಬಹುದು, ಅಂದರೆ ತಿಂಗಳಿಗೆ 90 ಯೂನಿಟ್. ಗೃಹಜ್ಯೋತಿ ಇದ್ದರೆ ಮೀಟರ್ ನೋಡುತ್ತಾ ಇರಿ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು.

ಗೌರಿಬಿದನೂರು:
ನಿಮ್ಮ ತಮ್ಮ ಹೇಳಿದ್ದೂ ತಪ್ಪಲ್ಲ. ಹಾಟ್ ಅಂಡ್ ಕೋಲ್ಡ್ ಎಸಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಒಳಗೆ ಎಳೆದು ತರುತ್ತದೆ, ಹಾಗಾಗಿ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಹಿಮ ಬೀಳುವ ಊರಲ್ಲಿ ಹೊರಗಿನ ಯಂತ್ರಕ್ಕೆ ಮಂಜು ಕಟ್ಟುತ್ತದೆ, ನಮ್ಮ ಕಡೆ ಆ ತಾಪತ್ರಯ ಇಲ್ಲ. ಬೇಸಿಗೆಗೆ ಹೇಗೂ ಎಸಿ ಬೇಕು ಅಂತಿದ್ದರೆ ಅದನ್ನೇ ತಗೊಳ್ಳಿ, ಎಲ್ಲ ಎಸಿಯೂ ಬಿಸಿ ಕೊಡುವುದಿಲ್ಲ, ಕೇಳಿ ತಗೊಳ್ಳಿ. ಬರೀ ಚಳಿಗೆ ಅಂತ ಅಷ್ಟು ದುಡ್ಡು ಹಾಕಬೇಡಿ.

ಅದಕ್ಕಿಂತ ಮೊದಲು ಚಳಿ ಎಲ್ಲಿಂದ ಬರುತ್ತಿದೆ ನೋಡಿ. ತಾರಸಿ ರಾತ್ರಿಯೆಲ್ಲ ಆಕಾಶಕ್ಕೆ ಬಿಸಿ ಬಿಟ್ಟುಕೊಡುತ್ತದೆ, ಅದಕ್ಕೇ ಮೇಲಿನ ಮನೆ ಜಾಸ್ತಿ ತಣ್ಣಗಾಗುತ್ತದೆ. ಹಗಲು ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬಿಡಿ, ನಾಲ್ಕು ಗಂಟೆಗೆ ಮುಚ್ಚಿ ದಪ್ಪ ಪರದೆ ಎಳೆಯಿರಿ. ಬಾಗಿಲ ಕೆಳಗಿನ ಸಂದಿ ಮುಚ್ಚಿ. ನೆಲಕ್ಕೆ ಜಮಖಾನ ಹಾಸಿ, ಟೈಲ್ಸ್ ಮೇಲೆ ಬರಿಗಾಲು ಇಟ್ಟರೆ ಮಂಡಿ ಹಿಡಿಯದೆ ಇರುತ್ತದಾ?

ನಂದಿ ತಪ್ಪಲು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆಯೇ ಹಳೆ ಸೀರೆ ಸುತ್ತಿ ಬಾಗಿಲ ಸಂದಿಗೆ ಇಟ್ಟೆ, ಪರದೆ ಹಾಕಿದೆ, ಜಮಖಾನ ಹಾಸಿದೆ. ಬೆಳಿಗ್ಗೆ 5 ಗಂಟೆಗೆ ನೋಡಿದರೆ 19 ಡಿಗ್ರಿ. ಕೆಂಡದ ವಿಷಯ ಪಕ್ಕದ ಅಜ್ಜಿಗೂ ಹೇಳಿ ಬಂದೆ, ಅವರ ಮನೆಯಲ್ಲಿ ಮೂರು ತಿಂಗಳ ಮಗು ಇದೆ. ಅಮ್ಮನ ಕೋಣೆಯಲ್ಲಿ 16 ಆಂಪಿಯರ್ ಪಾಯಿಂಟ್ ಇಲ್ಲ, ಭಾನುವಾರ ವೈರಿಂಗ್‌ನವರು ಬರುತ್ತಾರೆ. ಅದಾದ ಮೇಲೆ ಆಯಿಲ್ ಹೀಟರ್ ತರುತ್ತೇನೆ. ಕೋಲಾರದ ಅಣ್ಣ, ನಿಮ್ಮ ತಂದೆ ಅದನ್ನು ಮಲಗುವ ಮುಂಚೆ ಹಾಕಿಕೊಳ್ಳುತ್ತಾರಾ, ಇಲ್ಲಾ ಬೆಳಗಿನ ಜಾವವಾ?

ಕೋಲಾರದವನು:
ಮಲಗುವ ಮುಂಚೆ ಒಂದೂವರೆ ಗಂಟೆ. ಮತ್ತೆ ನಾಲ್ಕೂವರೆಗೆ ನಾನೇ ಎದ್ದು ಹಾಕುತ್ತೇನೆ, ಅವರು ಏಳುವುದು ಆರಕ್ಕೆ.