ಸಹಾಯ ಬೇಕು: ಗಾಜಿಗೆ ಬಡಿದು ಹಕ್ಕಿಗಳು ಸಾಯುತ್ತಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ನಿಸರ್ಗ ಕೇಂದ್ರದಲ್ಲಿ ಕೊಳದ ಕಡೆಗಿರುವ ದೊಡ್ಡ ಗಾಜಿನ ಕಿಟಕಿಗೆ ಈ ವಾರ ಮೂರನೇ ಹಕ್ಕಿ ಬಡಿದು ಬಿತ್ತು. ಇವತ್ತು ಬೆಳಗ್ಗೆ ಬಿದ್ದದ್ದು ಮಿಂಚುಳ್ಳಿ. ಕೈಗೆತ್ತಿಕೊಂಡಾಗ ಮೈ ಇನ್ನೂ ಬೆಚ್ಚಗಿತ್ತು, ಗಾಜಿನ ಮೇಲೆ ಒಂದು ಸಣ್ಣ ನೀಲಿ ಪುಕ್ಕ ಅಂಟಿಕೊಂಡಿತ್ತು. ಚಿತ್ರ ಬಿಡಿಸಲು ಬಂದಿದ್ದ ಮಕ್ಕಳು ನೋಡಿ ಅತ್ತೇಬಿಟ್ಟರು.

ಹಕ್ಕಿಗೆ ಗಾಜು ಅಡ್ಡವಿದೆ ಅಂತಲೇ ಗೊತ್ತಾಗುವುದಿಲ್ಲ. ಅದರಲ್ಲಿ ಮೂಡಿದ ಮರ, ಆಕಾಶವನ್ನೇ ನಂಬಿ ನುಗ್ಗುತ್ತದೆ. ನಾವು ಅಂಟಿಸಿದ್ದ ಒಂದೇ ಒಂದು ಗಿಡುಗದ ಸ್ಟಿಕ್ಕರ್‌ನಿಂದ ಏನೂ ಪ್ರಯೋಜನವಾಗಲಿಲ್ಲ. ಗಾಜಿನ ಹೊರಮೈ ತುಂಬ 5 ಸೆಂಟಿಮೀಟರಿಗೊಂದರಂತೆ ಚುಕ್ಕೆ ಇಡಬೇಕು. ಒಳಗಿನಿಂದ ಇಟ್ಟರೆ ಪ್ರತಿಬಿಂಬ ಹಾಗೇ ಉಳಿಯುತ್ತದೆ.

ಭಾನುವಾರ ಬೆಳಗ್ಗೆ ಏಣಿ ಹತ್ತಬಲ್ಲ ನಾಲ್ಕೈದು ಜನ ಬೇಕು. ಚುಕ್ಕೆ ಇಡುವ ಕೆಲಸ ಮಕ್ಕಳೂ ಮಾಡಬಹುದು, ಕೆಳಗಿನ ಸಾಲು ಅವರಿಗೇ ಬಿಟ್ಟಿದ್ದೇವೆ. ಮಳೆಗೆ ತೊಳೆದುಹೋಗದ ಬಣ್ಣ ಯಾವುದು ಅಂತ ಬಳಸಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಮಾತು. ಬಡಿದು ಮಂಕಾಗಿ ಕೂತ ಹಕ್ಕಿ ಸಿಕ್ಕರೆ ಬಾಯಿಗೆ ನೀರು ಬಿಡಬೇಡಿ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿಟ್ಟು ಮುಚ್ಚಿ, ಸದ್ದಿಲ್ಲದ ಕಡೆ ಇರಿಸಿ, ತಕ್ಷಣ ನಮಗೆ ಹೇಳಿ.